ಪಕ್ಕದ ಕೋಣೆಯ ನೆರೆಯವನು



ಸಂತ ಲೂಕನ ಶುಭಸಂದೇಶದಲ್ಲಿ ಬರುವ ದಯಾಳು ಸಮಾರಿಯದವನ ಸಾಮತಿಯನ್ನು ನೀವು ಬಾಲ್ಯದಿಂದ ಕೇಳಿದ್ದೀರಿ. ಆ ಸಮಾರಿಯದವನ ಹೆಸರಿನಲ್ಲಿ ಅಮೆರಿಕದಲ್ಲಿ ಒಂದು ಕಾನೂನಿದೆ ಎಂಬುದು ನಿಮಗೆ ಗೊತ್ತೇ? ಮಾದಕವಸ್ತು ಮಿತಿಮೀರಿ ಪ್ರಜ್ಞೆ ತಪ್ಪಿ ಬಿದ್ದವನನ್ನು ಉಳಿಸಲು ಯಾರಾದರೂ 911ಕ್ಕೆ ಕರೆ ಮಾಡಿದರೆ, ಕರೆದವನ ಬಳಿಯೂ ಅಂಥ ವಸ್ತು ಅಲ್ಪಸ್ವಲ್ಪ ಸಿಕ್ಕಿತೆಂದು ಅವನನ್ನು ಶಿಕ್ಷಿಸಬಾರದು ಎಂಬುದು ಅದರ ಸಾರ. 2007ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯ ಇದನ್ನು ಮೊದಲು ಜಾರಿಗೆ ತಂದಿತು. ಇಂದು ಆ ದೇಶದ ಬಹುತೇಕ ರಾಜ್ಯಗಳಲ್ಲಿ ಇಂಥ ಕಾನೂನಿದೆ. ಸಾಯುತ್ತಿರುವ ಗೆಳೆಯನ ಪಕ್ಕದಲ್ಲಿದ್ದೂ ಪೊಲೀಸರ ಭಯದಿಂದ ಕರೆ ಮಾಡದವರು ಇದ್ದುದರಿಂದಲೇ ಇದು ಬೇಕಾಯಿತು.

ಅಲ್ಲಿ 14ರಿಂದ 18 ವಯಸ್ಸಿನ ಮಕ್ಕಳಲ್ಲಿ ಹೀಗೆ ಸತ್ತವರು 2019ರಲ್ಲಿ 492, 2020ರಲ್ಲಿ 954. ಒಂದೇ ವರ್ಷದಲ್ಲಿ ಸುಮಾರು ಎರಡು ಪಟ್ಟು. "ಮಕ್ಕಳು ಕೆಟ್ಟುಹೋದರು" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ಅವಧಿಯಲ್ಲಿ ಮಾದಕವಸ್ತು ಸೇವಿಸುವ ಶಾಲಾಮಕ್ಕಳ ಸಂಖ್ಯೆ ಹೆಚ್ಚಿರಲಿಲ್ಲ. ಹೆಚ್ಚಿದ್ದು ವಿಷ. ಫೆಂಟನಿಲ್ ಎಂಬ ಔಷಧ ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ತೀಕ್ಷ್ಣ. ಎರಡು ಮಿಲಿಗ್ರಾಂ, ಅಂದರೆ ಉಪ್ಪಿನ ಕೆಲವೇ ಹರಳುಗಳಷ್ಟು, ಒಬ್ಬನನ್ನು ಕೊಲ್ಲಬಲ್ಲದು. ಅದನ್ನು ಬೆರೆಸಿ, ನೋವಿನ ಮಾತ್ರೆಯಂತೆಯೇ ಕಾಣುವ ನಕಲಿ ಮಾತ್ರೆಗಳನ್ನು ತಯಾರಿಸಿ, ಫೋನಿನ ಮೂಲಕವೇ ಮಕ್ಕಳಿಗೆ ಮಾರಿದರು. ಒಂದೇ ಮಾತ್ರೆ ನುಂಗಿದವನೂ ಸತ್ತಿದ್ದಾನೆ.

ಇದಕ್ಕಿಂತಲೂ ಮನಸ್ಸನ್ನು ಚುಚ್ಚುವ ಸಂಗತಿ ಇನ್ನೊಂದಿದೆ. 10ರಿಂದ 19 ವಯಸ್ಸಿನವರ ಇಂಥ ಸಾವುಗಳನ್ನು ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರವು ಪರಿಶೀಲಿಸಿ, 2022ರಲ್ಲಿ ವರದಿ ಪ್ರಕಟಿಸಿತು. ಸುಮಾರು ಮೂರರಲ್ಲಿ ಎರಡು ಸಾವುಗಳಲ್ಲಿ ಹತ್ತಿರದಲ್ಲೇ ಒಬ್ಬರಾದರೂ ಇದ್ದರು. ಆದರೂ ಹೆಚ್ಚಿನ ಕಡೆ ಸಹಾಯ ದೊರೆಯಲಿಲ್ಲ. ಎಷ್ಟೋ ಬಾರಿ ಅವರು ಅದೇ ಮನೆಯ ಬೇರೊಂದು ಕೋಣೆಯಲ್ಲಿದ್ದರು. ಕೆಲವರಿಗೆ, ಹುಡುಗ ಮಾದಕವಸ್ತು ಸೇವಿಸುತ್ತಾನೆಂಬುದೇ ತಿಳಿದಿರಲಿಲ್ಲ.

ಸಾಮತಿಯ ಯಾಜಕನೂ ಲೇವಿಯನೂ ಗಾಯಾಳುವನ್ನು ಕಂಡು ಪಕ್ಕಕ್ಕೆ ಸರಿದು ಹೋದರು. ಇಲ್ಲಿ ಕಾಣುವುದಕ್ಕೇ ಒಂದು ಬಾಗಿಲು ಅಡ್ಡವಾಗಿತ್ತು. ಆ ಬಾಗಿಲನ್ನು ಮುಚ್ಚಿದ್ದು ಯಾರು? ಮಗನೇ ಮುಚ್ಚಿರಬಹುದು. ಆದರೆ ಒಮ್ಮೊಮ್ಮೆ ನಮ್ಮ ಬೈಗುಳ, ಮರ್ಯಾದೆಯ ಚಿಂತೆ, "ನಾಲ್ಕು ಜನ ಏನೆಂದಾರು" ಎಂಬ ಮಾತು ಹೊರಗಿನಿಂದ ಅದಕ್ಕೆ ಚಿಲಕ ಹಾಕುತ್ತವೆ.

ಇಲ್ಲೊಂದು ನೈತಿಕ ಪ್ರಶ್ನೆ ಏಳುತ್ತದೆ. ನಾಲಾಕ್ಸೋನ್ ಎಂಬ ಔಷಧವನ್ನು ಮೂಗಿಗೆ ಸಿಂಪಡಿಸಿದರೆ ನಿಲ್ಲುತ್ತಿರುವ ಉಸಿರು ಕೆಲವೇ ನಿಮಿಷಗಳಲ್ಲಿ ಮರಳಬಲ್ಲದು. 2023ರಿಂದ ಅದು ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತದೆ. "ಹೀಗೆ ಉಳಿಸುತ್ತಾ ಹೋದರೆ, ಶಿಕ್ಷೆಯನ್ನೂ ಕೈಬಿಟ್ಟರೆ, ಪಾಪಕ್ಕೆ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೇ?" ಎಂದು ಭಕ್ತರೇ ಕೇಳುವುದುಂಟು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಚಿಕಿತ್ಸೆಗಲ್ಲದೆ ಮಾದಕವಸ್ತು ಸೇವಿಸುವುದು ಗಂಭೀರ ಅಪರಾಧವೆಂದು ಧರ್ಮಸಭೆ 1992ರ ತನ್ನ ಧರ್ಮೋಪದೇಶದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಜ್ಞಾನ, ಭಯ, ಅಂಟಿಕೊಂಡ ಚಟ ಇವುಗಳಿಂದ ಮನುಷ್ಯನ ಹೊಣೆ ಕಡಿಮೆಯಾಗಬಹುದು ಎಂಬುದೂ ಅದೇ ಗ್ರಂಥದ ಬೋಧನೆ.

ಆದರೆ ಒಂದನ್ನು ಯೋಚಿಸಿ. ಪಶ್ಚಾತ್ತಾಪಪಡಲು ಮೊದಲು ಮನುಷ್ಯ ಬದುಕಿರಬೇಕು. ದುಂದುಗಾರ ಮಗ ದೂರದೇಶದ ಹಂದಿಗಳ ನಡುವೆಯೇ ಸತ್ತಿದ್ದರೆ, ದಾರಿ ಕಾಯುತ್ತಿದ್ದ ತಂದೆ ಯಾರನ್ನು ಅಪ್ಪಿಕೊಳ್ಳುತ್ತಿದ್ದ? ಸಮಾರಿಯದವನು ಗಾಯಾಳುವನ್ನು "ಈ ದಾರಿಯಲ್ಲಿ ಒಬ್ಬನೇ ಏಕೆ ಬಂದೆ?" ಎಂದು ಕೇಳಲಿಲ್ಲ, ಮೊದಲು ಗಾಯ ಕಟ್ಟಿದ. ಬುದ್ಧಿಮಾತಿಗೆ ಜಾಗವಿದೆ, ಶಿಸ್ತಿಗೂ ಇದೆ. ಅವುಗಳ ಸರದಿ ಉಸಿರಿನ ನಂತರ.

ಚೀನಾದ ಸಂತ ಮಾರ್ಕ್ ಜಿ ಟಿಯಾನ್‌ಶಿಯಾಂಗ್‌ರ ಕಥೆ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಅವರು ವೈದ್ಯರು. ಹೊಟ್ಟೆನೋವಿಗೆಂದು ತೆಗೆದುಕೊಂಡ ಅಫೀಮು ಅವರಿಗೆ ಚಟವಾಯಿತು. ಪಾಪನಿವೇದನೆಗೆ ಮತ್ತೆ ಮತ್ತೆ ಬಂದರೂ ಚಟ ಬಿಡಲಿಲ್ಲವೆಂದು ಅವರಿಗೆ ಪಾಪಕ್ಷಮೆ ದೊರೆಯಲಿಲ್ಲ. ಸುಮಾರು ಮೂವತ್ತು ವರ್ಷ ಪರಮಪ್ರಸಾದವಿಲ್ಲದೆ ಕಳೆದರು. ಆದರೂ ವಿಶ್ವಾಸ ಬಿಡಲಿಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ಕುಟುಂಬದವರೊಂದಿಗೆ ರಕ್ತಸಾಕ್ಷಿಯಾದರು. ಮನೆಯವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದು, ತನ್ನನ್ನು ಕೊನೆಯಲ್ಲಿ ಕೊಲ್ಲಿ ಎಂದು ಕೇಳಿಕೊಂಡರೆಂದು ಹೇಳುತ್ತಾರೆ. 2000ದ ಅಕ್ಟೋಬರ್ 1ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ಸಂತ ಪದವಿಗೇರಿಸಿದರು. ಚಟದಿಂದ ಬಿಡುಗಡೆ ಕಾಣದ ಮನುಷ್ಯ ಇಂದು ನಮ್ಮ ಪೀಠದ ಮೇಲಿದ್ದಾರೆ. ಹೀಗಿರುವಾಗ ಯಾವ ಮಗನನ್ನು "ಇವನ ಕಥೆ ಮುಗಿಯಿತು" ಎಂದು ಕೈಬಿಡುವ ಅಧಿಕಾರ ನಮಗಿದೆ?

ನಮ್ಮ ಧರ್ಮಕೇಂದ್ರಗಳಿಂದಲೂ ಮಕ್ಕಳು ಓದಲು, ದುಡಿಯಲು ಅಮೆರಿಕಕ್ಕೆ ಹೋಗುತ್ತಾರೆ. ಅವರಿಗೆ ಜಪಸರದ ಜೊತೆಗೆ ಇಷ್ಟನ್ನೂ ಹೇಳಿ ಕಳುಹಿಸಿ: ಅಂಗಡಿಯ ಹೊರಗೆ ಯಾರು ಕೊಟ್ಟ ಮಾತ್ರೆಯನ್ನೂ ನುಂಗಬೇಡ. ಗೆಳೆಯ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಗೊರಕೆಯಂಥ ಸದ್ದು ಬರುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ "ಮಲಗಲಿ ಬಿಡು" ಎನ್ನಬೇಡ. ತಕ್ಷಣ 911ಕ್ಕೆ ಕರೆ ಮಾಡಿ ಪಕ್ಕದಲ್ಲೇ ಇರು. ನಮ್ಮ ಊರಿನಲ್ಲಾದರೆ ಆಂಬುಲೆನ್ಸಿಗೆ 108. ಚಟ ಬಿಡಿಸಲು ಸಲಹೆ ಬೇಕಿದ್ದರೆ ಸರ್ಕಾರದ ಸಹಾಯವಾಣಿ 14446.

ಇನ್ನು ಮನೆಯಲ್ಲಿರುವ ತಂದೆತಾಯಿಯರೇ, ಈ ವಾರ ರಾತ್ರಿ ಪ್ರಾರ್ಥನೆಯ ಬಳಿಕ ಮಕ್ಕಳಿಗೆ ಒಂದು ಮಾತು ಹೇಳಿ: "ಏನೇ ಆಗಿರಲಿ ಮಗಾ, ಮೊದಲು ನಮ್ಮನ್ನು ಕರಿ. ಬೈಯುವುದಿದ್ದರೆ ಆಮೇಲೆ ಬೈಯುತ್ತೇವೆ." ಹಾಗೆ ಹೇಳಿದ ಮೇಲೆ ಆ ಮಾತಿಗೆ ತಪ್ಪದಿರುವ ಬಲವನ್ನು, ಒಬ್ಬನೇ ಮಗನನ್ನು ಕಳೆದುಕೊಂಡ ನಾಯಿನ್ ಊರಿನ ವಿಧವೆಯನ್ನು ಕಂಡು ಮರುಗಿದ ಪ್ರಭುವಿನಲ್ಲಿ ಬೇಡಿಕೊಳ್ಳೋಣ.