ಭಾಯಾನ ಜೊತೆ ಎರಡು ಹರದಾರಿ

ಯಾರ ಜೊತೆ ಒಂದು ದಿನ ಕಳೆಯುವ ಆಸೆ ಎಂದು ಕನ್ನಡದ ಓದುಗರನ್ನು ಕೇಳಿದರೆ ಬರುವ ಉತ್ತರಗಳನ್ನು ಊಹಿಸಬಹುದು. ಕವಿಶೈಲದಲ್ಲಿ ಕುವೆಂಪು, ಸಾಧನಕೇರಿಯಲ್ಲಿ ಬೇಂದ್ರೆ, ಪುತ್ತೂರಿನ ಬಾಲವನದಲ್ಲಿ ಕಾರಂತರು. ಪಾತ್ರಗಳ ಪೈಕಿಯಾದರೆ, ಕೈಗೆ ಕೊಟ್ಟ ವಸ್ತುವನ್ನು ಮುಟ್ಟಿಯೇ ಅದರ ಹಿಂದಿನ ಕಥೆ ಹೇಳುವ ಮೂಕಜ್ಜಿಗೆ ಹೆಚ್ಚು ಮತ ಬಿದ್ದೀತು. ಆಸೆ ಸಹಜವಾದದ್ದೇ. ಆದರೆ ಅದರೊಳಗೆ ಒಂದು ಸಣ್ಣ ಕಳ್ಳತನವಿದೆ. ನಾವು ಕಟ್ಟಿಕೊಳ್ಳುವ ಆ ದಿನದಲ್ಲಿ ಬೇಂದ್ರೆಯವರು ನಮಗೆ ಬೇಕಾದ ಪದ್ಯವನ್ನೇ ಓದುತ್ತಾರೆ, ಕಾರಂತರಿಗೆ ನಮ್ಮ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ, ಯಾರಿಗೂ ಬೇರೆ ಕೆಲಸವೇ ಇರುವುದಿಲ್ಲ. ಎದುರಿಗೆ ಕೂತವರು ಅವರು, ಮಾತು ಮಾತ್ರ ನಮ್ಮದು. ಬರೆದಿಟ್ಟು ಹೋದವರ ವಿಷಯದಲ್ಲಿ ಈ ಕಳ್ಳತನ ಬೇಗ ಸಿಕ್ಕಿಬೀಳುತ್ತದೆ. ಪುಸ್ತಕ ತೆರೆದರೆ ಅವರು ಹಾಗೆ ಹೇಳುವವರಲ್ಲ ಎಂದು ಗೊತ್ತಾಗುತ್ತದೆ. ಒಂದಕ್ಷರವನ್ನೂ ಬರೆದಿಡದೆ ಹೋದವರ ಜೊತೆ ದಿನ ಕಳೆಯಬೇಕೆಂದರೆ ನಮ್ಮನ್ನು ತಡೆಯುವವರು ಯಾರು?

ಲಂಬಾಣಿಗಳೆಂದೂ ಕರೆಯುವ ಬಂಜಾರರ ಸಂತ ಸೇವಾಲಾಲರು ಅಂಥವರು. ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ, ಮೊದಲು ಹೊನ್ನಾಳಿ ತಾಲ್ಲೂಕಿನಲ್ಲಿದ್ದು ಈಗ ನ್ಯಾಮತಿಗೆ ಸೇರಿದ ಊರು. ಸೇವಾಲಾಲರು ಹುಟ್ಟಿದ್ದು ಇಲ್ಲಿಯೇ, 1739ರ ಫೆಬ್ರವರಿ 15ರಂದು ಎಂಬುದು ಇಲ್ಲಿನ ಬಂಜಾರರ ನಂಬಿಕೆ. ಊರಿಗೆ ಅವರಿಟ್ಟ ಹೆಸರು ಭಾಯಾಗಡ. ಆ ದಿನದ ಆಸುಪಾಸಿನಲ್ಲಿ ನಡೆಯುವ ಜಾತ್ರೆಗೆ ಮಾಲೆ ಧರಿಸಿದವರು ಉತ್ತರ ಕರ್ನಾಟಕದ ತಾಂಡಾಗಳಿಂದ ನಡೆದೇ ಬರುತ್ತಾರೆ. ಅವರ ಬಾಯಲ್ಲಿ ಉಳಿದುಬಂದ ಸೇವಾಲಾಲರ ಮಾತುಗಳಲ್ಲಿ ಒಂದು ಹೀಗಿದೆ: ‘ಜಾಣಜೋ, ಛಾಣಜೋ, ಪಛಜ ಮಾನಜೋ.’ ತಿಳಿಯಿರಿ, ಸೋಸಿರಿ, ಆಮೇಲೆಯೇ ಒಪ್ಪಿರಿ. ಮೂಢನಂಬಿಕೆಗೆ ಬೀಳಬೇಡಿ ಎಂಬ ಬೋಧೆಯೆಂದು ಇದನ್ನು ಸಭೆಗಳಲ್ಲಿ ವಿವರಿಸುವುದುಂಟು. ತಪ್ಪೇನಿಲ್ಲ. ಆದರೆ ಈ ಮಾತಿನ ಮೊನೆ ಮೊದಲು ತಿರುಗಬೇಕಾದದ್ದು ಅದನ್ನು ಆಡಿದವರ ಕಡೆಗೇ ಎಂದು ನನಗನಿಸುತ್ತದೆ. ಸೇವಾಲಾಲರನ್ನು ನಾವು ಹೇಗೆ ಕಲ್ಪಿಸಿಕೊಳ್ಳಬೇಕು ಎಂಬುದಕ್ಕೆ ಅವರೇ ಕೊಟ್ಟುಹೋದ ನಿಯಮವಿದು.

ಮೂರು ಮಾತುಗಳಲ್ಲಿ ನಡುವಿನದೇ ತೂಕದ್ದು. ಛಾಣ ಎಂದರೆ ಸೋಸುವುದು, ಜರಡಿ ಹಿಡಿಯುವುದು. ‘ಯೋಚಿಸಿ’ ಎನ್ನಬಹುದಿತ್ತು, ‘ಪರೀಕ್ಷಿಸಿ’ ಎನ್ನಬಹುದಿತ್ತು. ಕಾಳು ಉಪ್ಪು ಮಾರಿ ಬದುಕಿದ ಜನರ ಮಾತಾದ್ದರಿಂದ ಅದು ಜರಡಿಯನ್ನೇ ಹಿಡಿಯಿತು. ಜರಡಿ ಹಿಡಿಯುವವರಿಗೆ ಕಾಳಿನ ಮೇಲೆ ಸಿಟ್ಟಿರುವುದಿಲ್ಲ. ಕಲ್ಲು ಬೇರೆ ಮಾಡುವುದು ಕಾಳು ಬೇಕೆಂದೇ. ಸಂಶಯಪಡುವವರಿಗೂ ಸೋಸುವವರಿಗೂ ಇರುವ ಅಂತರ ಇದೇ: ಸಂಶಯಗಾರ ಮೂಟೆಯನ್ನೇ ಬಾಗಿಲಾಚೆ ಇಡುತ್ತಾನೆ, ಸೋಸುವವನು ಒಳಗೆ ತಂದು ಬಿಚ್ಚುತ್ತಾನೆ. ಇನ್ನು ಆ ‘ಜೋ’. ಗುಜರಾತಿಯಲ್ಲೂ ಇರುವ ಈ ರೂಪದಲ್ಲಿ ಆಜ್ಞೆಯ ಬಿರುಸಿಲ್ಲ. ಮನೆಯ ಹಿರಿಯರು ಪ್ರಯಾಣಕ್ಕೆ ಹೊರಟವರಿಗೆ ‘ಹುಷಾರಾಗಿ ಹೋಗಿ ಬನ್ನಿ’ ಎನ್ನುವಾಗಿನ ಮೆದುತನವಿದೆ. ಒಪ್ಪಿಗೆ ಕೊನೆಗೆ ಬಂದಿರುವುದನ್ನೂ ಗಮನಿಸಬೇಕು. ಮೆಚ್ಚಿನವರ ಜೊತೆ ದಿನ ಕಳೆಯುವ ನಮ್ಮ ಕನಸುಗಳು ಸಾಮಾನ್ಯವಾಗಿ ಈ ಸಾಲನ್ನು ಹಿಂದುಮುಂದಾಗಿ ಓದುತ್ತವೆ. ಒಪ್ಪಿಕೊಂಡು ಕೂರುತ್ತವೆ, ಸೋಸುವ ಗೋಜಿಗೆ ಹೋಗುವುದಿಲ್ಲ, ತಿಳಿಯುವ ಹೊತ್ತಿಗೆ ದಿನ ಮುಗಿದಿರುತ್ತದೆ.

ಹಾಗಾದರೆ ತಿಳಿಯುವುದರಿಂದಲೇ ಶುರುಮಾಡೋಣ. ಸೇವಾಲಾಲರ ಒಂದು ದಿನ ಎಂದರೆ ಲದೇಣಿಯ ಒಂದು ದಿನ. ಲದೇಣಿ ಎಂದರೆ ಎತ್ತುಗಳ ಬೆನ್ನ ಮೇಲೆ ಹೇರು ಹೊರಿಸಿಕೊಂಡು ಸೀಮೆಯಿಂದ ಸೀಮೆಗೆ ಸಾಗುವ ವ್ಯಾಪಾರ. ಆ ದಿನ ಹೇಗಿತ್ತೆಂದು ತಾಂಡಾದವರು ಬರೆದಿಡಲಿಲ್ಲ, ಆದರೆ ದಾರಿಯಲ್ಲಿ ಎದುರಾದವರು ಬರೆದಿದ್ದಾರೆ. 1632ರಲ್ಲಿ ಉತ್ತರ ಹಿಂದೂಸ್ತಾನದಲ್ಲಿ ಪ್ರಯಾಣಿಸಿದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ 14,000 ಎತ್ತುಗಳ ಒಂದು ಸಂಚಾರಿ ತಾಂಡಾವನ್ನು ಕಂಡ. ಹೆಂಡಿರು ಮಕ್ಕಳೆಲ್ಲ ಜೊತೆಯಲ್ಲೇ ಇದ್ದರು, ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ಸಾಗುತ್ತಿರಲಿಲ್ಲ ಎಂದು ಅವನ ಲೆಕ್ಕ. ಫ್ರಾನ್ಸಿನ ವಜ್ರದ ವ್ಯಾಪಾರಿ ತವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳು ಒಟ್ಟಾಗಿ ಹೋಗುತ್ತಿದ್ದುದನ್ನು ಹೇಳುತ್ತಾನೆ. ಇಬ್ಬರೂ ಸೇವಾಲಾಲರಿಗಿಂತ ಒಂದು ಶತಮಾನ ಹಿಂದಿನವರು, ಮಂಡಿ ಕಂಡದ್ದಂತೂ ಬೇರೆಯದೇ ಸೀಮೆ. ಆದ್ದರಿಂದ ಸಂಖ್ಯೆಗಳನ್ನು ಹಾಗೆಯೇ ತಂದು ಸೂರಗೊಂಡನಕೊಪ್ಪದ ಬಯಲಲ್ಲಿ ನಿಲ್ಲಿಸಲಾಗದು. ಆದರೆ ಹೇರೆತ್ತಿನ ನಡಿಗೆ ನೂರು ವರ್ಷದಲ್ಲಿ ಚುರುಕಾಗುವಂಥದ್ದಲ್ಲ. ಆರು ಮೈಲಿ ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಎರಡು ಹರದಾರಿ. ಇಂದಿನ ಬಸ್ಸಿಗೆ ಅರ್ಧ ಗಂಟೆಯೂ ಬೇಡ. ಸೇವಾಲಾಲರ ಜೊತೆ ಸಿಗುವ ದಿನದ ಉದ್ದ ಅಷ್ಟೇ. ಆ ದಿನದ ಬಹುಪಾಲು ಹೇರು ಏರಿಸುವುದರಲ್ಲಿ, ಇಳಿಸುವುದರಲ್ಲಿ, ಕಾಲು ಉಳುಕಿದ ಎತ್ತನ್ನು ನೋಡುವುದರಲ್ಲಿ, ಮೇವು ನೀರು ಹುಡುಕುವುದರಲ್ಲಿ ಮುಗಿಯುತ್ತದೆ. ತಾಂಡಾದ ಹಾಡುಗಳು ಸೇವಾಲಾಲರ ಕುದುರೆ ತೋಳಾರಾಮನನ್ನೂ ಎತ್ತು ಗರಾಶ್ಯಾನನ್ನೂ ಹೆಸರಿಟ್ಟು ನೆನೆಯುವುದು ಸುಮ್ಮನೆ ಅಲ್ಲ. ದಿನವೆಲ್ಲ ಜೊತೆಗಿದ್ದವು ಅವೇ ತಾನೆ. ಪ್ರಶ್ನೆಗಳ ಪಟ್ಟಿ ಹಿಡಿದು ಹೋದ ನಮ್ಮ ನಿಮ್ಮಂಥವರ ಕೈಗೆ ಅಲ್ಲಿ ಮೊದಲು ಬರುವುದು ಹಗ್ಗದ ತುದಿ.

ನೀರಿನ ವಿಷಯ ಬಂತಲ್ಲ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದೊಂದು ಕಾಲಕ್ಕೆ ನೀರು ಬಟ್ಟಲಿಗೆ ಒಂದು ರೂಪಾಯಿಯಂತೆ ಮಾರಾಟವಾಗುತ್ತದೆ ಎಂದು ಸೇವಾಲಾಲರು ಹೇಳಿದ್ದರೆಂಬುದು ತಾಂಡಾಗಳಲ್ಲಿ ಎಲ್ಲರಿಗೂ ಗೊತ್ತು. ಬಾಟಲಿ ನೀರು ಬಂದ ಮೇಲೆ ಈ ಮಾತಿಗೆ ಭವಿಷ್ಯವಾಣಿಯ ಕಳೆ ಬಂದಿದೆ. ದಿವ್ಯದೃಷ್ಟಿ ಎಂದು ಕೈಮುಗಿದರೆ ಅಲ್ಲಿಗೆ ಮುಗಿಯಿತು. ಸೋಸಿ ನೋಡಿದರೆ ಬೇರೆಯೇ ಒಂದು ಕಾಳು ಸಿಗುತ್ತದೆ. ದುಡಿಯುವ ಎತ್ತಿಗೆ ದಿನಕ್ಕೆ 30 ಲೀಟರ್ ನೀರಾದರೂ ಬೇಕು. ಸಾವಿರ ಎತ್ತಿನ ಸಣ್ಣ ತಾಂಡಾಕ್ಕೆ 30,000 ಲೀಟರ್, ಅಂದರೆ 5,000 ಲೀಟರಿನ ಇಂದಿನ ಟ್ಯಾಂಕರ್ ಆದರೆ ಆರು. ಪ್ರತಿ ಸಂಜೆ, ಹೊಸ ಜಾಗದಲ್ಲಿ, ಇನ್ನೊಬ್ಬರ ಊರಿನ ಕೆರೆಯಲ್ಲಿ ಇಷ್ಟು ನೀರು ಕೇಳಿ ಪಡೆಯಬೇಕಾದವರಿಗೆ ನೀರು ಬಿಟ್ಟಿಯಲ್ಲ ಎಂಬುದು ಉಳಿದೆಲ್ಲರಿಗಿಂತ ಮೊದಲೇ ತಿಳಿದಿರುತ್ತದೆ. ಕೆರೆಯ ಏರಿಯ ಮೇಲೆ ಮನೆ ಕಟ್ಟಿ ಕೂತವನು ಆ ಮಾತು ಆಡಲಾರ. ಸೂಳೆಕೆರೆಯಂಥ ಕೆರೆಯಿದ್ದೂ ಬರದ ವರ್ಷಗಳಲ್ಲಿ ಅಡಿಕೆ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ಹಾಯಿಸುವ ಚನ್ನಗಿರಿಯವರಿಗೆ, ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಏರಿಸಿ ಕೆರೆ ತುಂಬಿಸಿಕೊಳ್ಳಬೇಕಾದ ಜಗಳೂರಿನವರಿಗೆ ಈ ಮಾತು ಈಗ ಪವಾಡದಂತೆ ಕೇಳಿಸಬೇಕಿಲ್ಲ. ಅನುಭವದಿಂದ ಬಂದದ್ದೆಂದರೆ ಮಾತಿನ ಬೆಲೆ ಇಳಿಯುವುದೂ ಇಲ್ಲ. ಪವಾಡವಾದರೆ ಅದು ಅವರೊಬ್ಬರಿಗೆ ಮಾತ್ರ ಸಾಧ್ಯವಾದದ್ದು. ಅನುಭವವಾದರೆ ನಾವೂ ಅದರಿಂದ ಏನಾದರೂ ಕಲಿಯಬಹುದು.

ಜರಡಿಯಲ್ಲಿ ಸಿಹಿಯಾದದ್ದೇ ಉಳಿಯಬೇಕೆಂದಿಲ್ಲ. ಸೇವಾಲಾಲರ ಕಾಲವೆಂದು ಹೇಳುವ 1739ರಿಂದ 1806ರವರೆಗಿನ ಅವಧಿಯಲ್ಲಿ ಈ ಸೀಮೆ ಕಂಡದ್ದು ದಂಡುಗಳನ್ನು. 1763ರಲ್ಲಿ ಕೆಳದಿ ಅರಸರ ಬಿದನೂರು ಹೈದರಾಲಿಯ ಕೈಸೇರಿತು. ಮುಂದೆ ಚಿತ್ರದುರ್ಗವೂ ಬಿತ್ತು. ಮರಾಠರು, ಟಿಪ್ಪು, ಇಂಗ್ಲಿಷರು ಇದೇ ದಾರಿಗಳಲ್ಲಿ ಓಡಾಡಿದರು. ಚನ್ನಗಿರಿಯವನೆಂದು ಹೇಳುವ ಬಂಡಾಯಗಾರ ಧೋಂಡಿಯ ವಾಘನನ್ನು ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬೆನ್ನಟ್ಟಿ ಕೊಂದದ್ದು 1800ರಲ್ಲಿ. ಈ ದಂಡುಗಳಿಗೆಲ್ಲ ಧಾನ್ಯ ಒದಗಿಸುತ್ತಿದ್ದವರಲ್ಲಿ ಬಂಜಾರರು ಮುಖ್ಯರು. ವೆಲ್ಲೆಸ್ಲಿಯ ಪತ್ರಗಳಲ್ಲಿ ಅವರ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಸೇವಾಲಾಲರ ತಾಂಡಾ ಇಂಥ ದಂಡಿಗೆ ಧಾನ್ಯ ಕೊಟ್ಟಿತ್ತೆಂದು ಹೇಳಲು ಆಧಾರವಿಲ್ಲ. ಕೊಟ್ಟಿರಲಿಲ್ಲ ಎನ್ನಲೂ ಇಲ್ಲ. ಆದರೆ ನಮಗೆ ಸಿಗುವ ಆ ಒಂದು ದಿನ ಯಾವುದೋ ದಂಡಿನ ಹಿಂದೆ ಜೋಳದ ಹೇರು ಸಾಗಿಸುವ ದಿನವಾಗಿದ್ದಿರಬಹುದು ಎಂಬ ಸಾಧ್ಯತೆಯನ್ನು ಕನಸು ಹೊರಗಿಡಬಾರದು. ಎರಡೂ ಕಡೆಯ ದಂಡುಗಳ ನಡುವೆ ಸುರಕ್ಷಿತವಾಗಿ ಹಾದುಹೋಗುವ ವ್ಯಾಪಾರಿಯ ನೀತಿಯೇನು, ಅವನಿಗೆ ಶತ್ರು ಯಾರು ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಭಜನೆಯಲ್ಲಿ ಈ ಪ್ರಶ್ನೆ ಏಳುವುದಿಲ್ಲ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ, ಹಗುರವಾಗಿ ತಳ್ಳುವಂಥದ್ದಲ್ಲ. ಜನ ಪೂಜಿಸುವವರನ್ನು ಹೀಗೆ ಮನುಷ್ಯರನ್ನಾಗಿ ಕಲ್ಪಿಸಿಕೊಳ್ಳುವ ಹಕ್ಕು ನಿಮಗೆ ಯಾರು ಕೊಟ್ಟರು? ಕನ್ನಡದಲ್ಲಿ ಈ ಪ್ರಶ್ನೆಗೆ ಇತಿಹಾಸವಿದೆ. ಬಸವಣ್ಣನವರ ಕಾಲವನ್ನು ಕಲ್ಪಿಸಿಕೊಂಡು ಲಂಕೇಶ್ ‘ಸಂಕ್ರಾಂತಿ’ ಬರೆದರು, ಕಾರ್ನಾಡರು ‘ತಲೆದಂಡ’ ಬರೆದರು, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಪಿ.ವಿ. ನಾರಾಯಣರ ‘ಧರ್ಮಕಾರಣ’ 1990ರ ದಶಕದಲ್ಲಿ ದೊಡ್ಡ ವಿವಾದಕ್ಕೆ ಸಿಕ್ಕಿದವು. ಬಂಜಾರರ ವಿಷಯದಲ್ಲಿ ಈ ಆಕ್ಷೇಪಣೆಗೆ ಇನ್ನೂ ಒಂದು ಗಾಯದ ಬಲವಿದೆ. ರೈಲು, ರಸ್ತೆ, ಕಂಪನಿಯ ಉಪ್ಪಿನ ನೀತಿ ಸೇರಿ ಲದೇಣಿಯನ್ನು ಮುಗಿಸಿದ ಮೇಲೆ, 1871ರಿಂದ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಹಲವು ಸೀಮೆಗಳಲ್ಲಿ ಲಂಬಾಣಿಗಳ ಮೇಲೂ ಹೇರಲಾಯಿತು. ಹುಟ್ಟಿದ್ದೇ ಅಪರಾಧ ಎಂದು ಸರಕಾರದ ಕಾಗದದಲ್ಲಿ ಬರೆಸಿಕೊಂಡ ಜನ, 1952ರಲ್ಲಿ ಆ ಕಾಯ್ದೆ ರದ್ದಾದ ಮೇಲೂ ಅದರ ನೆರಳನ್ನು ಹೊತ್ತವರು, ತಮ್ಮ ಹಿರಿಯನಿಗೆ ಒಂದು ಚುಕ್ಕೆಯೂ ಇರಬಾರದೆಂದು ಬಯಸಿದರೆ ಅದು ಅತಿರೇಕವೆನ್ನಲು ನನಗೆ ಬಾಯಿ ಬರುವುದಿಲ್ಲ. ಹೊರಗಿನವರು ಜರಡಿ ಹಿಡಿದು ಬಂದಾಗಲೆಲ್ಲ ಅವರ ಬುಟ್ಟಿಗೆ ಬಿದ್ದದ್ದು ಕಲ್ಲುಗಳೇ.

ಇಷ್ಟಾದರೂ ಆಕ್ಷೇಪಣೆ ಪೂರ್ತಿ ನಿಲ್ಲುವುದಿಲ್ಲ. ಮೊದಲನೆಯದಾಗಿ, ಸೋಸಿ ಎಂದವರು ಹೊರಗಿನವರಲ್ಲ. ಎರಡನೆಯದಾಗಿ, ಚುಕ್ಕೆಯಿಲ್ಲದ ವಿಗ್ರಹದಿಂದ ಆ ಕಾಯ್ದೆಗೆ ಉತ್ತರ ಸಿಗದು. ಲದೇಣಿಯ ದಿನದ ವಿವರದಿಂದ ಸಿಗುತ್ತದೆ. ಸಾವಿರಾರು ಎತ್ತುಗಳನ್ನು ಒಂದೂ ಊರಿನ ಬೆಳೆ ಮುರಿಯದಂತೆ ಸಾಗಿಸಲು, ನಾಯಕ ಕಾರಭಾರಿಗಳ ಮಾತಿನ ಮೇಲೆ ಇಡೀ ತಾಂಡಾ ನಡೆಯಲು, ಸಾಲದ ಮೇಲೆ ಸರಕು ಎತ್ತಿ ಇನ್ನೊಂದು ತುದಿಯಲ್ಲಿ ಲೆಕ್ಕ ಒಪ್ಪಿಸಲು ಬೇಕಾದ ಶಿಸ್ತು ಮತ್ತು ನಂಬಿಕೆ ಎಷ್ಟೆಂದು ತಿಳಿದವರು ಆ ಜನರನ್ನು ಕಳ್ಳರೆಂದು ಕರೆಯಲಾರರು. ಮೂರನೆಯ ಒಂದು ಮಾತು ಭಕ್ತರ ಪರವಾಗಿಯೇ ಇದೆ. ಮಾಲೆ ಧರಿಸಿ ನೂರಾರು ಕಿಲೋಮೀಟರ್ ನಡೆದು ಬರುವವರನ್ನು ಕಂಡು, ಇವರು ತಿಳಿಯದೆ ಒಪ್ಪಿದವರು ಎಂದು ನಗುವವರಿದ್ದಾರೆ. ಅಂಗಾಲಿನ ಬೊಕ್ಕೆಯೂ ಒಂದು ತಿಳಿವಳಿಕೆಯೇ. ಎರಡು ಹರದಾರಿ ಎಂದರೆ ಎಷ್ಟೆಂದು, ದಾರಿಬದಿಯ ಊರಿನವರು ನೀರು ಕೊಟ್ಟರೆ ಹೇಗನಿಸುತ್ತದೆಂದು ನನ್ನಂತೆ ಮೇಜಿನ ಮುಂದೆ ಕೂತು ಪೀಟರ್ ಮಂಡಿಯ ಲೆಕ್ಕ ಹಾಕುವವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಜಾಣಜೋ ಎಂಬ ಮೊದಲ ಮೆಟ್ಟಿಲನ್ನು ಅವರು ಕಾಲಿನಿಂದಲೇ ಹತ್ತಿದ್ದಾರೆ.

ಉಳಿದದ್ದು ಪಂಡಿತರ ಆಕ್ಷೇಪಣೆ: ಈ ಮಾತು ಸೇವಾಲಾಲರದೇ ಎಂಬುದಕ್ಕೆ ಸಾಕ್ಷಿಯೆಲ್ಲಿ? ಬಂಜಾರರ ಲಿಪಿಯಿಲ್ಲದ ಭಾಷೆಯಾದ ಗೋರ್ ಬೋಲಿಯನ್ನು ಇಲ್ಲಿ ಕನ್ನಡದಲ್ಲಿ, ಅಲ್ಲಿ ತೆಲುಗಿನಲ್ಲಿ, ಇನ್ನೊಂದೆಡೆ ದೇವನಾಗರಿಯಲ್ಲಿ ಬರೆಯುತ್ತಾರೆ. ಒಂದೊಂದು ತಾಂಡಾದಲ್ಲಿ ಉಚ್ಚಾರಣೆಯೂ ಒಂದೊಂದು. ಹುಟ್ಟೂರಿನ ವಿಷಯದಲ್ಲೇ ಒಮ್ಮತವಿಲ್ಲ, ಆಂಧ್ರದ ಗುತ್ತಿ ಸೀಮೆಯ ಸೇವಾಗಡವೂ ಅದೇ ಹಿರಿಮೆಯನ್ನು ಹೇಳಿಕೊಳ್ಳುತ್ತದೆ. ಇದೆಲ್ಲ ನಿಜ, ಆದರೆ ಇದರಿಂದ ಮಾತು ಕುಸಿಯುವುದಿಲ್ಲ. ಆಡಿದವರ ಹೆಸರಿನ ಬಲದ ಮೇಲೆ ನಿಂತ ಮಾತಾದರೆ ಹೆಸರು ಅಲುಗಾಡಿದಾಗ ಬೀಳುತ್ತದೆ. ನನ್ನನ್ನೂ ಸೋಸಿಯೇ ಒಪ್ಪಿ ಎನ್ನುವ ಮಾತಿಗೆ ಆ ಭಯವಿಲ್ಲ. ಹುಟ್ಟೂರು ಇದಲ್ಲವೆಂದು ನಾಳೆ ಯಾರಾದರೂ ಸಾಧಿಸಿದರೂ ಸೂರಗೊಂಡನಕೊಪ್ಪಕ್ಕೆ ನಡೆದು ಬಂದವರ ದಾರಿ ಸುಳ್ಳಾಗುವುದಿಲ್ಲ.

ಸೇವಾಲಾಲರನ್ನು ಬಂಜಾರರು ಪ್ರೀತಿಯಿಂದ ಕರೆಯುವ ಹೆಸರಲ್ಲೇ ಇದಕ್ಕೆಲ್ಲ ಅನುಮತಿಯಿದೆ. ದೇವಿ ಅವರಿಗೆ ಯಾಡಿ, ಅಂದರೆ ತಾಯಿ. ಸೇವಾಲಾಲರು ಮಾತ್ರ ಸೇವಾಭಾಯಾ, ಅಣ್ಣ. ಗುರುವಿನ ಎದುರು ಕೈಕಟ್ಟಿ ನಿಲ್ಲಬೇಕು, ದೇವರ ಎದುರು ಬಾಗಬೇಕು. ಅಣ್ಣನ ಜೊತೆ ಹೇರು ಹಿಡಿಯಬಹುದು, ನಡೆಯಬಹುದು, ‘ಅದು ಹಾಗಲ್ಲ ಅಣ್ಣಾ’ ಎಂದು ವಾದಿಸಲೂಬಹುದು. ಒಂದು ದಿನ ಜೊತೆ ಕಳೆಯಲು ಇದಕ್ಕಿಂತ ಒಳ್ಳೆಯ ನಂಟು ಬೇರೆ ಯಾವುದಿದೆ? ಮುಂದಿನ ಫೆಬ್ರವರಿಯಲ್ಲಿ ಭಾಯಾಗಡಕ್ಕೆ ಹೋಗುವವರಲ್ಲಿ ಒಂದು ಕೋರಿಕೆ. ದರ್ಶನ, ಭೋಗ್ ಎಲ್ಲ ಮುಗಿದ ಮೇಲೆ ನಗಾರಿ ಬಾರಿಸುವವರ ಪಕ್ಕದಲ್ಲೋ, ಒಲೆ ಹಚ್ಚಿ ಕೂತ ಅಜ್ಜಿಯರ ಪಕ್ಕದಲ್ಲೋ ಸ್ವಲ್ಪ ಹೊತ್ತು ಕೂರಿ. ಪವಾಡಗಳನ್ನು ಅವರು ಕೇಳದಿದ್ದರೂ ಹೇಳುತ್ತಾರೆ. ನೀವು ಎತ್ತಿನ ಬಗ್ಗೆ ಕೇಳಿ, ಉಪ್ಪಿನ ಬಗ್ಗೆ ಕೇಳಿ, ಸಂಜೆ ತಾಂಡಾ ಇಳಿದಾಗ ಮೊದಲು ನೀರು ಕುಡಿಯುತ್ತಿದ್ದವರು ಯಾರು ಎಂದು ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ.