ವಿಟೆನ್‌ಬೆರ್ಗಿನ ಬೀದಿಯೂ ಗೋಡೆಯ ಕಲ್ಲೂ

ಧ್ಯಾನಿಸತಕ್ಕ ವೇದಭಾಗಗಳು: 1 ಪೇತ್ರ 4:17, ರೋಮಾಪುರದವರಿಗೆ 11:17-21



ದೂರದ ಊರಿಗೆ ನಡೆದು ಹೋಗುವವರು ಗುಡ್ಡ ಹತ್ತಿ, ಹಳ್ಳ ದಾಟಿ, ಕಾಲು ನೋಯಿಸಿಕೊಳ್ಳುವದನ್ನು ನೀವು ಬಲ್ಲಿರಿ. ಈ ಹೊತ್ತು ನಾವು ಮನಸ್ಸಿನಲ್ಲಿ ನಡೆಯತಕ್ಕ ದಾರಿಯಲ್ಲಿ ಅಂಥ ಪ್ರಯಾಸವಿಲ್ಲ. ಜರ್ಮನಿ ದೇಶದಲ್ಲಿ ಎಲ್ಬೆ ನದಿಯ ಬಳಿಯಲ್ಲಿರುವ ವಿಟೆನ್‌ಬೆರ್ಗ್ ಎಂಬ ಹಳೇ ಪಟ್ಟಣವು ಸಮನೆಲದ ಮೇಲೆ ಕಟ್ಟಲ್ಪಟ್ಟದೆ. ಮೂಡಲಲ್ಲಿರುವ ಲೂಥರನ ಮನೆಯಿಂದ ಪಡುವಲಲ್ಲಿರುವ ಅರಮನೆಯ ದೇವಾಲಯದ ವರೆಗೆ ಒಂದು ಮೈಲಿಯೂ ಆಗದು. ಮುದುಕರೂ ಮಕ್ಕಳೂ ದಣಿಯದೆ ನಡೆಯಬಹುದು. ಆದರೆ ಕಾಲಿಗೆ ಸುಲಭವಾದ ಈ ದಾರಿಯಲ್ಲಿ ಮನಸ್ಸಿಗೆ ಬಹು ಕಠಿಣವಾದ ಒಂದು ಸ್ಥಳವುಂಟು. ಅದನ್ನು ಕಾಣದವರ ಹಾಗೆ ದಾಟಿ ಹೋಗಬಾರದು.

ಮೊದಲು ಲೂಥರನ ಮನೆಯ ಮುಂದೆ ನಿಲ್ಲೋಣ. ಇದು ಪೂರ್ವದಲ್ಲಿ ಸನ್ಯಾಸಿಗಳ ಮಠವಾಗಿತ್ತು. 1525ರಲ್ಲಿ ಲೂಥರನು ಕಾತರೀನಳನ್ನು ಮದುವೆಯಾದ ಮೇಲೆ ಆ ಮಠವೇ ಸಂಸಾರದ ಮನೆಯಾಯಿತು. 1540ರಲ್ಲಿ ಕಾತರೀನಳು ಮಾಡಿಸಿದ ಕಲ್ಲಿನ ಬಾಗಲು ಅಲ್ಲಿ ಇನ್ನೂ ಇದೆ. ಅದರ ಎರಡೂ ಪಕ್ಕಗಳಲ್ಲಿ ಕೂಡ್ರುವದಕ್ಕೆ ಒಂದೊಂದು ಕಲ್ಲಿನ ಪೀಠವುಂಟು. ನಮ್ಮ ಮನೆಗಳ ಮುಂದಿನ ಜಗಲಿಯಂತೆ, ಒಬ್ಬರು ಇತ್ತ, ಒಬ್ಬರು ಅತ್ತ ಕೂಡ್ರುವದಕ್ಕೆ ಅನುಕೂಲವಾದ ಸ್ಥಳವದು.

ಅಲ್ಲಿಂದ ಅದೇ ಬೀದಿಯಲ್ಲಿ ಸ್ವಲ್ಪ ಮುಂದಕ್ಕೆ ಹೋದರೆ ಮೆಲಾಂಖ್ತೋನನ ಮನೆ. ಅದು 1536ರಲ್ಲಿ ಕಟ್ಟಲ್ಪಟ್ಟಿತು. ಈತನು 1518ರಲ್ಲಿ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಗ್ರೀಕ್ ಭಾಷೆಯನ್ನು ಕಲಿಸುವದಕ್ಕೆ ಈ ಊರಿಗೆ ಬಂದನು. ಲೂಥರನು ಹೊಸ ಒಡಂಬಡಿಕೆಯನ್ನು ಜನರ ಮಾತಿಗೆ ತಿರುಗಿಸಿದಾಗ ಅದನ್ನು ತಿದ್ದುವದರಲ್ಲಿ ನೆರವಾದವನು ಈತನೇ.

ಹೀಗೆ ನಡೆಯುತ್ತಾ ಸಂತೆಯ ಚೌಕಕ್ಕೆ ಬರುತ್ತೇವೆ. ಅದರ ಬಳಿಯಲ್ಲಿ ಎರಡು ಗೋಪುರಗಳ ಊರ ದೇವಾಲಯ. 1522ರಲ್ಲಿ ಊರಿನಲ್ಲಿ ಗಲಭೆ ಎದ್ದು ಜನರು ವಿಗ್ರಹಗಳನ್ನು ಒಡೆಯುತ್ತಿದ್ದಾಗ, ಲೂಥರನು ತಿರಿಗಿ ಬಂದು ಇಲ್ಲಿ ಎಂಟು ದಿವಸ ಪ್ರಸಂಗಮಾಡಿ, ಬಲಾತ್ಕಾರದಿಂದಲ್ಲ, ವಾಕ್ಯದಿಂದಲೇ ಕೆಲಸ ನಡೆಯಬೇಕೆಂದು ಬೋಧಿಸಿದನು. ಒಳಗಿನ ವೇದಿಯ ಮೇಲೆ 1547ರಲ್ಲಿ ಇಟ್ಟ ಕ್ರಾನಾಖನ ಚಿತ್ರವುಂಟು. ಅದರ ಕೆಳಭಾಗದಲ್ಲಿ ಒಂದು ಕಡೆ ಸಭೆ, ಮತ್ತೊಂದು ಕಡೆ ಪ್ರಸಂಗಪೀಠದಲ್ಲಿ ಲೂಥರನು, ನಡುವೆ ಶಿಲುಬೆಯ ಮೇಲೆ ನಮ್ಮ ಕರ್ತನು. ಲೂಥರನ ಬೆರಳು ತನ್ನನ್ನು ತೋರಿಸದೆ ಕರ್ತನನ್ನೇ ತೋರಿಸುತ್ತದೆ. ಬೋಧಕನ ಕೆಲಸವು ಇಷ್ಟೇ ಎಂದು ನಾವು ಕಲಿತುಕೊಂಡು ಸಂತೋಷದಿಂದ ಹೊರಗೆ ಬರುತ್ತೇವೆ.

ಆದರೆ ಪ್ರಿಯರೇ, ಹೊರಗೆ ಬಂದು ಅದೇ ದೇವಾಲಯದ ಆಗ್ನೇಯ ಮೂಲೆಯಲ್ಲಿ ಕಣ್ಣೆತ್ತಿ ನೋಡಿರಿ. ಗೋಡೆಯ ಮೇಲೆ, ಎತ್ತರದಲ್ಲಿ, ಸುಮಾರು 1290ರಲ್ಲಿ ಕೆತ್ತಿದ ಒಂದು ಕಲ್ಲು. ಅದರಲ್ಲಿ ಒಂದು ಹಂದಿ, ಅದರ ಮೊಲೆ ಉಣ್ಣುವ ಯೆಹೂದ್ಯರು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಹಂದಿಯನ್ನು ಮುಟ್ಟದ ಜನರನ್ನು ಹಾಸ್ಯಮಾಡಿ ಅವಮಾನಿಸುವದಕ್ಕಾಗಿಯೇ ಕ್ರೈಸ್ತರು ಅದನ್ನು ತಮ್ಮ ದೇವಾಲಯದ ಗೋಡೆಯಲ್ಲಿ ಇಟ್ಟರು. ಲೂಥರನು ಅದನ್ನು ತೆಗಿಸಿದನೋ? ಇಲ್ಲ. 1543ರಲ್ಲಿ ಬರೆದ ಒಂದು ಪುಸ್ತಕದಲ್ಲಿ ಆ ಕಲ್ಲನ್ನೇ ಎತ್ತಿ ಹೇಳಿ ಅವರನ್ನು ಹಳಿದನು. ಅದೇ ವರುಷದ ಮತ್ತೊಂದು ಪುಸ್ತಕದಲ್ಲಿ ಅವರ ಸಭಾಮಂದಿರಗಳಿಗೆ ಬೆಂಕಿಯಿಕ್ಕಿ ಅವರ ಮನೆಗಳನ್ನು ಕೆಡವಬೇಕೆಂದು ಬರೆದನು. ಶಿಲುಬೆಯನ್ನು ತೋರಿಸಿದ ಕೈಯೇ ಇದನ್ನೂ ಬರೆಯಿತು. 1938ರ ನವೆಂಬರದಲ್ಲಿ ಜರ್ಮನಿಯ ಯೆಹೂದ್ಯರ ಸಭಾಮಂದಿರಗಳು ನಿಜವಾಗಿ ಉರಿದವು. ಬಳಿಕ 1945ರೊಳಗೆ ಸುಮಾರು 60 ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟರು.

ಒಂದು ಕಲ್ಲಿನಿಂದಲೇ ಇದೆಲ್ಲಾ ಆಯಿತೆಂದು ನಾವು ಹೇಳುವದಿಲ್ಲ. ಆದರೆ ತಲೆತಲಾಂತರದಿಂದ ಜನರು ಪ್ರಾರ್ಥನೆಗೆ ಹೋಗುವಾಗಲೂ ಬರುವಾಗಲೂ ಆ ಹಾಸ್ಯವನ್ನು ನೋಡುತ್ತಾ ಇದ್ದರು. ನೆರೆಯವನನ್ನು ಪಶುವಿನ ಸಂಗಡ ಸೇರಿಸಿ ನಗುವದನ್ನು ರೂಢಿಮಾಡಿಕೊಂಡವರು, ಅವನ ಮೇಲೆ ಕೇಡು ಬರುವಾಗ ಸುಮ್ಮನಿರುವದಕ್ಕೂ ಕಲಿಯುವರು.

1988ರಲ್ಲಿ ಆ ಸಭೆಯವರು ಗೋಡೆಯ ಕೆಳಗೆ, ನೆಲದಲ್ಲಿ, ಒಂದು ಲೋಹದ ಫಲಕವನ್ನು ಹಾಕಿಸಿದರು. ಮುಚ್ಚಿಟ್ಟದ್ದು ಬಿರುಕಿನಿಂದ ಉಕ್ಕಿ ಬರುವಂತೆಯೂ ಆ ಬಿರುಕು ಶಿಲುಬೆಯ ಆಕಾರವಾಗಿರುವಂತೆಯೂ ಅದನ್ನು ಮಾಡಿದ್ದಾರೆ. ಕೊಲ್ಲಲ್ಪಟ್ಟವರ ನೆನಪು ಅದರಲ್ಲಿ ಬರೆಯಲ್ಪಟ್ಟದೆ. ಆದರೂ ಕಲ್ಲು ಅಲ್ಲೇ ಇರಬಾರದೆಂದು ಒಬ್ಬ ಯೆಹೂದ್ಯನು ನ್ಯಾಯಾಲಯಕ್ಕೆ ಮೊರೆಯಿಟ್ಟನು. 2022ರಲ್ಲಿ ಆ ದೇಶದ ಉನ್ನತ ನ್ಯಾಯಾಲಯವು, ಫಲಕದಿಂದ ಆ ಕಲ್ಲು ಎಚ್ಚರಿಕೆಯ ಗುರುತಾಗಿ ಮಾರ್ಪಟ್ಟದೆ, ಅದನ್ನು ತೆಗೆಯಲೇಬೇಕೆಂಬ ಕಟ್ಟಳೆಯಿಲ್ಲ ಎಂದು ತೀರ್ಪುಮಾಡಿತು. ಆದರೆ ಕಲ್ಲಿನಿಂದ ನೊಂದವನ ದುಃಖವು ತೀರ್ಪಿನಿಂದ ತೀರಿತೆಂದು ನಾವು ಎಣಿಸಬಾರದು.

ಈಗ ಪಡುವಲ ಕೊನೆಗೆ, ಅರಮನೆಯ ದೇವಾಲಯಕ್ಕೆ ಹೋಗೋಣ. 1517ನೇ ಅಕ್ಟೋಬರ 31ರಲ್ಲಿ ಲೂಥರನು 95 ವಾಕ್ಯಗಳನ್ನು ಇದರ ಬಾಗಲಿಗೆ ಹಚ್ಚಿದನೆಂದು ಹೇಳುತ್ತಾರೆ. ಅದೇ ದಿನ ಅವುಗಳನ್ನು ಆರ್ಚ್‌ಬಿಷಪನಿಗೆ ಕಳುಹಿಸಿದ್ದಂತೂ ನಿಶ್ಚಯ. ಹಳೇ ಮರದ ಬಾಗಲು 1760ರ ಯುದ್ಧದ ಬೆಂಕಿಯಲ್ಲಿ ಸುಟ್ಟುಹೋಯಿತು. 1858ರಿಂದ ಕಂಚಿನ ಬಾಗಲಿನ ಮೇಲೆ ಆ ವಾಕ್ಯಗಳು ನಿಂತಿವೆ. ಮೊದಲನೆಯದರ ತಾತ್ಪರ್ಯವೇನು? ವಿಶ್ವಾಸಿಯ ಮಾನಸಾಂತರವು ಒಂದು ದಿವಸದ ಕೆಲಸವಲ್ಲ, ಅದು ಜೀವಮಾನವೆಲ್ಲಾ ನಡೆಯತಕ್ಕದ್ದು ಎಂಬದೇ. ಒಳಗೆ ಪ್ರಸಂಗಪೀಠದ ಕೆಳಗೆ ಲೂಥರನ ಸಮಾಧಿಯುಂಟು. ಆ ಉಪದೇಶವನ್ನು ಕೊಟ್ಟವನಿಗೇ ಅದು ಬೇಕಾಗಿತ್ತು. ನಾವು ಲೂಥರನನ್ನು ಆರಾಧಿಸುವವರಲ್ಲ. ಅವನು ಬೆರಳಿಂದ ತೋರಿಸಿದಾತನನ್ನು ಆರಾಧಿಸುವವರು. ಆದಕಾರಣ ಅವನ ತಪ್ಪನ್ನು ತಪ್ಪೆಂದು ಹೇಳುವದಕ್ಕೆ ನಮಗೆ ಭಯವಿಲ್ಲ.

ಆದರೆ ನ್ಯಾಯವಿಚಾರಣೆಯು ದೇವರ ಮನೆಯಿಂದಲೇ ಆರಂಭವಾಗುವದೆಂದು ಪೇತ್ರನು ಎಚ್ಚರಿಸುತ್ತಾನೆ. ವಿಟೆನ್‌ಬೆರ್ಗಿನವರ ಗೋಡೆಯನ್ನು ನೋಡಿದೆವು. ನಮ್ಮ ಗೋಡೆಯಲ್ಲಿ ಯಾವ ಕಲ್ಲುಂಟು? ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲು ತಕ್ಕೊಂಡು, ಹೊರಗೆ ಬಂದು ಸಹೋದರನ ಹಿಂದಿನ ಜಾತಿಯನ್ನು ಎತ್ತಿ ನಗುವವರುಂಟೋ? ಮಗನಿಗೆ ಹೆಣ್ಣು ನೋಡುವಾಗ ಸುವಾರ್ತೆಯನ್ನು ಮರೆತು ಕುಲವನ್ನು ಕೇಳುವವರುಂಟೋ? ಮಕ್ಕಳು ಕೇಳುವಂತೆ ನೆರೆಯವರನ್ನು ಪಶುಗಳ ಹೆಸರಿನಿಂದ ಕರೆಯುವವರುಂಟೋ? ಇವೇ ನಮ್ಮ ಕಲ್ಲುಗಳು. ಇವನ್ನು ಕೆತ್ತಿದವರು ನಮ್ಮ ಹಿರಿಯರಾಗಿರಬಹುದು, ಇಟ್ಟುಕೊಂಡವರು ನಾವು.

ನಾವು ಅನ್ಯಮರದಿಂದ ತಂದು ಕಸಿಕಟ್ಟಿದ ಕೊಂಬೆಗಳೆಂದು ಅಪೊಸ್ತಲನು ಕಲಿಸುತ್ತಾನೆ. ಕಸಿಕಟ್ಟಿದ ಕೊಂಬೆಯು ಬೇರನ್ನು ನೋಡಿ ಹೆಚ್ಚಳಪಡುವದುಂಟೇ? ಕೃಪೆಯಿಂದ ಸೇರಿದವರಿಗೆ ಇನ್ನೊಬ್ಬರನ್ನು ತಿರಸ್ಕರಿಸುವ ಹಕ್ಕು ಎಲ್ಲಿಂದ ಬಂತು?

ಹೀಗಿರಲಾಗಿ, ಈ ವಾರ ನಿಮ್ಮ ಮನೆಯ ಜಗಲಿಯಲ್ಲಿ ಒಂದು ಸ್ಥಳವನ್ನು ಬಿಡಿರಿ. ನೀವು ನಕ್ಕು ನೋಯಿಸಿದವನನ್ನು ಕರೆದು ಅಲ್ಲಿ ಕೂಡ್ರಿಸಿ, ತಪ್ಪಾಯಿತೆಂದು ಅವನಿಗೆ ಹೇಳಿರಿ. ಆ ದಾರಿಯು ವಿಟೆನ್‌ಬೆರ್ಗಿನ ಬೀದಿಗಿಂತಲೂ ಚಿಕ್ಕದು. ಆದರೂ ಕರ್ತನ ಸಹಾಯವಿಲ್ಲದೆ ಯಾರೂ ಅದನ್ನು ನಡೆಯಲಾರರು. ಆತನೇ ನಮ್ಮ ಕೈ ಹಿಡಿದು ನಡಿಸಲಿ. ಆಮೆನ್.