ಅನುಪಲಬ್ಧಿ ಮತ್ತು ಪಿತ್ತನಾಳ

ವಸ್ತುವೊಂದು ಇಲ್ಲ ಎಂಬ ಅರಿವು ಹೇಗೆ ಹುಟ್ಟುತ್ತದೆ ಎಂಬುದು ಭಾರತೀಯ ಪ್ರಮಾಣಶಾಸ್ತ್ರದ, ಎಂದರೆ ಸರಿಯಾದ ಅರಿವಿನ ದಾರಿಗಳನ್ನು ವಿಚಾರಿಸುವ ಶಾಸ್ತ್ರದ, ಹಳೆಯ ಚರ್ಚೆಗಳಲ್ಲೊಂದು. ನೆಲದ ಮೇಲೆ ಮಡಕೆಯಿಲ್ಲ ಎಂಬ ತಿಳಿವನ್ನು ನೈಯಾಯಿಕರು ಪ್ರತ್ಯಕ್ಷದಲ್ಲಿಯೇ ಸೇರಿಸಿದರೆ, ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರೂ, ವ್ಯವಹಾರದಲ್ಲಿ ಅವರ ಹಾದಿ ಹಿಡಿದ ಅದ್ವೈತಿಗಳೂ ಅದಕ್ಕಾಗಿ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪಿದರು. ಆದರೆ ಅವರು ಒಂದು ಷರತ್ತನ್ನು ಬಿಡಲಿಲ್ಲ: ವಸ್ತು ಇದ್ದಿದ್ದರೆ ಕಂಡೇ ತೀರುತ್ತಿತ್ತು ಎಂಬ ಸ್ಥಿತಿಯಲ್ಲಿ ಮಾತ್ರ ಕಾಣದಿರುವಿಕೆ ಪ್ರಮಾಣವಾಗುತ್ತದೆ, ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಮಡಕೆಯೇ ಇಲ್ಲವೆಂದಾಗದು. ಇದನ್ನೇ ಯೋಗ್ಯಾನುಪಲಬ್ಧಿ ಎನ್ನುತ್ತಾರೆ.

ಈ ಷರತ್ತು ಪ್ರಾಣಕ್ಕೆ ಸಂಬಂಧಿಸಿದ ಮಾತಾಗುವ ಜಾಗ ಪಿತ್ತಕೋಶದ ಶಸ್ತ್ರಚಿಕಿತ್ಸೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಲ್ಯಾಪರೊಸ್ಕೋಪಿಯ ಮೂಲಕ, ಅಂದರೆ ಸಣ್ಣ ರಂಧ್ರಗಳಿಂದ ದರ್ಶಕವನ್ನೂ ಉಪಕರಣಗಳನ್ನೂ ತೂರಿಸಿ, ಪಿತ್ತಕೋಶವನ್ನು ತೆಗೆದರು. ಆ ವಿಧಾನದಲ್ಲಿ ಬೆರಳ ಸ್ಪರ್ಶದಿಂದ ಸಿಗುತ್ತಿದ್ದ ತಿಳಿವು ತಪ್ಪಿ, ಭಾರವೆಲ್ಲ ಕಣ್ಣಿನ ಮೇಲೆ ಬಿತ್ತು. ಪಿತ್ತಕೋಶದ ಕಿರುನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಬೇಕಾದಲ್ಲಿ, ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನೊಯ್ಯುವ ಮುಖ್ಯನಾಳವನ್ನೇ ಅದೆಂದು ತಿಳಿದು ಕತ್ತರಿಸಿದರೆ ರೋಗಿಯ ಬಾಳೇ ಹದಗೆಡಬಹುದು. ಲಾರೆನ್ಸ್ ವೇ ಮತ್ತು ಸಂಗಡಿಗರು 252 ಇಂತಹ ಗಾಯಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಶೇ. 97ರಷ್ಟರಲ್ಲಿ ಮೂಲ ಕಾರಣ ದೃಷ್ಟಿಭ್ರಮೆಯೇ ಹೊರತು ಕೈಚಳಕದ ಕೊರತೆಯಲ್ಲ. ಹಗ್ಗದಲ್ಲಿ ಹಾವನ್ನು ಕಂಡವನಂತೆ ಇಲ್ಲಿಯೂ ಕಂಡವನಿಗೆ ಸಂಶಯವೇ ಹುಟ್ಟುವುದಿಲ್ಲ, ಭಯಪಡಬೇಕಾದದ್ದು ಅದಕ್ಕೇ.

ಇದಕ್ಕೆ ಪರಿಹಾರವಾಗಿ ಇಂಡೋಸಯನೈನ್ ಗ್ರೀನ್ ಎಂಬ ವರ್ಣದ್ರವ್ಯ ಬಳಕೆಗೆ ಬಂದಿದೆ. ರಕ್ತನಾಳಕ್ಕೆ ಚುಚ್ಚಿದ ಈ ದ್ರವ್ಯವನ್ನು ಯಕೃತ್ತು ಹೀರಿ ಪಿತ್ತರಸಕ್ಕೆ ಬಿಡುತ್ತದೆ. ಸುಮಾರು 800 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕು ತಾಗಿದಾಗ ಅದು ತುಸು ಹೆಚ್ಚಿನ ತರಂಗಾಂತರದ ಬೆಳಕನ್ನು ಹೊರಸೂಸುತ್ತದೆ, ಮತ್ತು ಹಳದಿ ಕೊಬ್ಬಿನ ನಡುವೆ ಎಲ್ಲಿಯೂ ಕಾಣದಿದ್ದ ನಾಳ ಪರದೆಯ ಮೇಲೆ ಹಸಿರು ಎಳೆಯಾಗಿ ಮೂಡುತ್ತದೆ. ಮನುಷ್ಯನ ಕಣ್ಣಿಗೆ ಆ ಬೆಳಕು ಕಾಣದು, ಹಸಿರು ಎಂಬುದು ಯಂತ್ರ ಹಚ್ಚಿದ ಬಣ್ಣ. ಆದ್ದರಿಂದ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಇದನ್ನು ಅನುಮಾನಪ್ರಮಾಣವೆನ್ನುವುದೇ ಸರಿ. ತೊಡಕಿರುವುದು ಹಸಿರು ಮೂಡದ ಜಾಗದಲ್ಲಿ. ಈ ಬೆಳಕು ಅಂಗಾಂಶದೊಳಗೆ ಹೆಚ್ಚೆಂದರೆ 1 ಸೆಂಟಿಮೀಟರ್‌ನಷ್ಟು ಆಳದವರೆಗೆ ತಲುಪುತ್ತದೆ. ಉರಿಯೂತದಿಂದ ದಪ್ಪಗಟ್ಟಿದ ಪದರದ ಹಿಂದೆ, ಕಲ್ಲು ಸಿಕ್ಕಿ ಪಿತ್ತರಸ ಹರಿಯದ ಕಡೆ, ನಾಳವಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ. ಮೀಮಾಂಸಕರ ಕತ್ತಲ ಕೋಣೆ ಅದುವೇ.

ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಮುಂದಿಟ್ಟ ನಿಯಮವು ಈ ದೃಷ್ಟಿಯಿಂದ ಗಂಭೀರವಾದದ್ದು. ಕ್ಲಿಪ್ ಹಾಕುವ ಮುನ್ನ ಪಿತ್ತಕೋಶವನ್ನು ಸೇರುವ ರಚನೆಗಳು ಎರಡೇ, ಒಂದು ನಾಳ ಮತ್ತೊಂದು ಧಮನಿ, ಎಂಬುದು ಕಾಣಬೇಕೆಂದು ಅದು ಹೇಳುತ್ತದೆ. ‘ಎರಡೇ’ ಎಂದರೆ ಮೂರನೆಯದಿಲ್ಲ ಎಂಬ ಅಭಾವದ ಅರಿವು. ಆ ಅರಿವು ಪ್ರಮಾಣವಾಗಲೆಂದೇ ಮೊದಲು ಅಲ್ಲಿನ ಕೊಬ್ಬನ್ನು ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿಕೊಳ್ಳಬೇಕು, ಅಂದರೆ ಇದ್ದರೆ ಕಂಡೇ ತೀರುವ ಸ್ಥಿತಿಯನ್ನು, ಯೋಗ್ಯತೆಯನ್ನು, ಕೈಯಾರೆ ಉಂಟುಮಾಡಿಕೊಳ್ಳಬೇಕು. ವರ್ಣದ್ರವ್ಯ ಈ ಕೆಲಸಕ್ಕೆ ನೆರವಾಗುತ್ತದೆ, ಇದರ ಬದಲಿಗೆ ನಿಲ್ಲಲಾರದು. ಆ ಯೋಗ್ಯತೆ ಒದಗದೆ ಹೋದಾಗ ನಾಳವನ್ನು ಮುಟ್ಟದೆ, ಪಿತ್ತಕೋಶದ ಒಂದು ಭಾಗವನ್ನು ಅಲ್ಲಿಯೇ ಉಳಿಸಿ ಹೊರಬರುವ ಕ್ರಮವೂ ಶಸ್ತ್ರವೈದ್ಯದಲ್ಲಿ ಇದೆ.